ಗಂಗತ್ತಿಯ ಸಯಾಮು

ಹುರಿದ ಶೇಂಗಾ, ಬೆಳ್ಳುಳ್ಳಿ, ಒಣಖಾರ ಮೂರೂ ಕಲ್ಲಿನಲ್ಲಿ ಜಜ್ಜಿಸಿಕೊಂಡು ಎಣ್ಣೆ ಬಿಟ್ಟಾಗ ಬರುವ ವಾಸನೆ. ಕಳೆದ ವಾರ ಅಕ್ಕಲಕೋಟದ ಒಂದು ಲಾಡ್ಜಿನ ಊಟದ ಕೋಣೆಯಲ್ಲಿ ಅದು ಮೂಗಿಗೆ ಬಡಿದಾಗ ತಲೆ ಎತ್ತಿ ನೋಡಿದೆ. ಬಡಿಸುವವನು ಪ್ಯಾಕೆಟಿನ ಮೂಲೆ ಕತ್ತರಿಸಿ ಚಟ್ನಿಯನ್ನು ಬಟ್ಟಲಿಗೆ ಸುರಿಯುತ್ತಿದ್ದ. ನಾನು ಸೋಲಾಪುರದ ಒಂದು ಮರಾಠಿ ಪತ್ರಿಕೆಯಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ಕಂಡದ್ದನ್ನು ಬರೆಯುವುದು, ಅನ್ನಿಸಿದ್ದನ್ನು ಹೊಡೆದುಹಾಕುವುದು ರೂಢಿಯಾಗಿದೆ. ಕಂಡದ್ದು ಇಷ್ಟೇ: ಗೋಡೆಗೆ ಬಿಳಿ ಟೈಲ್ಸ್, ಕೈತೊಳೆಯುವಲ್ಲಿ ಯಾತ್ರಿಕರ ಸಾಲು, ದುಡ್ಡಿನ ಗಲ್ಲೆಯ ಮೇಲೆ ನನ್ನ ಕಾಕಾನ, ಅಂದರೆ ಅಪ್ಪನ ತಮ್ಮನ, ಮೊಮ್ಮಗ. ಅವನು ನನ್ನನ್ನು ಮರಾಠಿಯಲ್ಲಿ ಮಾತಾಡಿಸಿ, ಊಟ ಆಯಿತೇ ಎಂದು ಪ್ರೀತಿಯಿಂದ ಕೇಳಿದ. ನಾನು ಕೂತ ಜಾಗ ಒಂದು ಕಾಲಕ್ಕೆ ನಮ್ಮ ಮನೆಯ ನಡುವಿನ ಕೋಣೆಯಾಗಿತ್ತು, ನನ್ನ ಸೋದರತ್ತೆ ಗಂಗತ್ತಿಯ ಕೋಣೆಯಾಗಿತ್ತು ಎಂಬುದು ಅವನಿಗೆ ಗೊತ್ತಿರಲಿಲ್ಲ. ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ಅವನಿಗೆ ಫೋನು ಬಂತು.

ಆ ಮನೆ ಮಣ್ಣಿನ ಮಾಳಿಗೆಯದು. ಬೇಸಿಗೆಯಲ್ಲೂ ಒಳಗೆ ಕಾಲಿಟ್ಟರೆ ನೆಲದ ತಂಪು ಹಿಮ್ಮಡಿಯಿಂದ ಮೊಳಕಾಲಿಗೆ ಏರುತ್ತಿತ್ತು. ಪಡಸಾಲೆಯ ಗೋಡೆಗೆ ಒಂದು ನಕಾಶೆ ತೂಗುತ್ತಿತ್ತು, ಬಟ್ಟೆಗೆ ಅಂಟಿಸಿದ್ದು, ಮೇಲೆ ಕೆಳಗೆ ಕರಿಯ ಕೋಲು. ನಮ್ಮ ಅಜ್ಜ ಸಂಸ್ಥಾನದ ಕಾಲದಲ್ಲಿ ಭೂಗೋಳ ಕಲಿಸುತ್ತಿದ್ದ ಮಾಸ್ತರ. ಸಾಲೆಗೆ ಹೊಸ ನಕಾಶೆ ಬಂದಾಗ ಹಳೆಯದನ್ನು ಕೇಳಿ ಮನೆಗೆ ತಂದಿದ್ದ. ಅದಕ್ಕೆ ಬಳಿದ ವಾರ್ನಿಶಿನ ವಾಸನೆಯೂ ಒಳಗಿನ ಒಳಕಲ್ಲಿನ ವಾಸನೆಯೂ ಬೆರೆತು, ನನ್ನ ಪಾಲಿಗೆ ಭೂಗೋಳಕ್ಕೆಲ್ಲ ಬೆಳ್ಳುಳ್ಳಿಯ ಘಾಟು ಅಂಟಿಕೊಂಡಿದೆ. ಇಂಗ್ಲಿಷರ ದೇಶಗಳು ಗುಲಾಬಿ, ಫ್ರೆಂಚರವು ತಿಳಿನೀಲಿ. ಯಾರ ಕೈಗೂ ಸಿಗದೆ ಉಳಿದ ಕೆಲವು ದೇಶಗಳಿಗೆ ಯಾವ ಬಣ್ಣವೂ ಇರಲಿಲ್ಲ, ಬರೀ ಕಾಗದದ ಬಿಳುಪು. ದೀಪ ಹಚ್ಚುವ ಹೊತ್ತಿಗೆ ಅಜ್ಜ ನನ್ನನ್ನೂ ಕಾಕಾನ ಮಕ್ಕಳನ್ನೂ ಕೂಡಿಸಿ ಆ ಬಿಳುಪಿನ ಮೇಲೆ ಬೆರಳಿಡುತ್ತಿದ್ದ.

"ಆಳಿದವರ ಕಥಿ ಎಲ್ಲಾರೂ ಹೇಳ್ತಾರ. ಉಳಕೊಂಡವ್ರು ಹೆಂಗ ಉಳಕೊಂಡ್ರು, ಅದನ್ನ ಕೇಳ್ರಿ."

ಅಬಿಸೀನಿಯದವರು ಗುಡ್ಡದ ನಾಡಿನಲ್ಲಿ ಇಟಲಿಯ ದಂಡನ್ನು ಮುರಿದು ಓಡಿಸಿದ್ದರು. ಮುಂದೆ ಇಟಲಿಯವರು ಮತ್ತೆ ಬಂದು ಕೆಲವು ವರ್ಷ ಕೂತದ್ದನ್ನೂ ಅಜ್ಜ ಮುಚ್ಚಿಡುತ್ತಿರಲಿಲ್ಲ. ಜಪಾನಿನವರು ಬಂದವರ ಹಡಗು, ತೋಪು, ಕಾಯಿದೆ ಎಲ್ಲವನ್ನೂ ತಾವೇ ಕಲಿತು ಗಟ್ಟಿಯಾದರು, ಆಮೇಲೆ ನೆರೆಯವರ ಮನೆಗೆ ತಾವೇ ನುಗ್ಗಿದರು. ಇದನ್ನು ಹೇಳುವಾಗ ಅಜ್ಜನ ಮುಖ ಹುಣಸೆ ತಿಂದಂತಾಗುತ್ತಿತ್ತು. ನೇಪಾಳದವರು ಕಾದಾಡಿ ಸೋತು, ಒಂದಿಷ್ಟು ನೆಲ ಬಿಟ್ಟುಕೊಟ್ಟು, ತಮ್ಮ ಮಕ್ಕಳನ್ನು ಇಂಗ್ಲಿಷರ ಪಲ್ಟನ್ನಿಗೆ ಕಳಿಸಿ, ಮನೆ ಉಳಿಸಿಕೊಂಡರು. ಹಾಗಾದರೆ ನಮ್ಮ ಅಕ್ಕಲಕೋಟಕ್ಕೂ ರಾಜ ಇದ್ದನಲ್ಲ, ನಾವೂ ಉಳಿದವರೇ ಅಲ್ಲವೇ ಎಂದು ಕಾಕಾನ ಹಿರಿಮಗ ಕೇಳಿದ್ದ. ನಕಾಶೆಯಲ್ಲಿ ಸಂಸ್ಥಾನಗಳಿಗೆ ತೆಳು ಹಳದಿ ಇತ್ತು. ರಾಜ ನಮ್ಮವನಾದರೂ ಹುಕುಂ ಅವರದು, ಈ ಹಳದಿ ಅಂದರೆ ಗುಲಾಬಿಗೆ ಅರಿಷಿಣ ಹಚ್ಚಿದ ಹಾಗೆ ಎಂದು ಅಜ್ಜ ನಕ್ಕಿದ್ದ.

ಅಜ್ಜ ಹೆಚ್ಚು ಹೊತ್ತು ನಿಲ್ಲುತ್ತಿದ್ದದ್ದು ಸಯಾಮಿನ ಮೇಲೆ. ಈಗ ಥೈಲಂಡ್ ಅನ್ನುತ್ತೇವಲ್ಲ, ಅದು. ಪಡುವಲಿಗೆ ಬರ್ಮಾದಲ್ಲಿ ಇಂಗ್ಲಿಷರು, ಮೂಡಲಿಗೆ ಫ್ರೆಂಚರು. ಇಬ್ಬರಿಗೂ ಅದರ ಮೇಲೆ ಕಣ್ಣು. ಆದರೆ ಒಬ್ಬ ನುಂಗಿದರೆ ಇನ್ನೊಬ್ಬ ಸುಮ್ಮನಿರುವುದಿಲ್ಲ. ಸಯಾಮಿನ ರಾಜ ಮೂಡಲ ಸೀಮೆಯನ್ನು ಫ್ರೆಂಚರಿಗೆ, ತೆಂಕಲ ಸೀಮೆಯನ್ನು ಇಂಗ್ಲಿಷರಿಗೆ ಒಂದೊಂದಾಗಿ ಬಿಟ್ಟುಕೊಟ್ಟ, ನಡುವಿನ ಹೊಳೆಸಾಲನ್ನು ಇಟ್ಟುಕೊಂಡ. ಒಳಗೆ ಚಟ್ನಿ ಜಜ್ಜುತ್ತಿದ್ದ ಗಂಗತ್ತಿ ಕೈ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು. ಒಳಕಲ್ಲಿನ ಸದ್ದು ನಿಂತರೆ ಅಜ್ಜ ಸಯಾಮಿಗೆ ಬಂದಿದ್ದಾನೆಂದು ನನ್ನ ಅವ್ವ ಅಡುಗೆಮನೆಯಿಂದಲೇ ಹೇಳುತ್ತಿದ್ದಳು.

ಗಂಗತ್ತಿ ಅಜ್ಜನ ಮೊದಲ ಮಗಳು, ನನ್ನ ಅಪ್ಪನಿಗೂ ಕಾಕಾನಿಗೂ ಅಕ್ಕ. ಮಂಗಳವೇಢೆಗೆ ಕೊಟ್ಟಿದ್ದರು. ಗಂಡ ಸಣ್ಣ ವಯಸ್ಸಿನಲ್ಲೇ ತೀರಿಹೋದ ಮೇಲೆ ತಿರುಗಿ ಬಂದವಳು. ಅಜ್ಜ ಹೋದ ವರ್ಷವೇ ತಮ್ಮಂದಿರು ಪಾಲಾದರು. ಹಿರಿಯರು ಬಂದು ಕೂತು, ಹಗ್ಗ ಹಿಡಿದು ಸುಣ್ಣದ ಗೆರೆ ಹಾಕಿದರು. ಮೂಡಲ ಭಾಗ ಅಪ್ಪನಿಗೆ, ಪಡುವಲ ಭಾಗ ಕಾಕಾನಿಗೆ. ತಿರುಗಿ ಬಂದ ಮಗಳಿಗೆ ಜೀವ ಇರುವ ತನಕ ಒಂದು ಕೋಣೆ ಬಿಡುವುದು ನಮ್ಮ ಕಡೆಯ ಪದ್ಧತಿ. ನಡುವಿನ ಕೋಣೆಯನ್ನೂ ಅದರ ನೆಲದಲ್ಲಿ ಹುಗಿದ ಒಳಕಲ್ಲನ್ನೂ ಅವಳಿಗೆ ಬಿಟ್ಟರು. ಎಲ್ಲವೂ ಬಾಯಿಮಾತಿನಲ್ಲಿ.

ಗೆರೆ ಒಣಗುವ ಮೊದಲೇ ಅಪ್ಪನಿಗೂ ಕಾಕಾನಿಗೂ ಬಚ್ಚಲ ನೀರು ಯಾವ ಕಡೆ ಹರಿಯಬೇಕೆಂಬುದಕ್ಕೆ ಜಗಳವಾಯಿತು. ಮಾತು ನಿಂತಿತು. ನಾನು ಸಾಲೆ ಮುಗಿಸಿ ಕಾಲೇಜಿಗೆ ಸೋಲಾಪುರಕ್ಕೆ ಹೋದರೂ ನಿಂತೇ ಇತ್ತು. ಏನು ಹೇಳುವುದಿದ್ದರೂ ಇಬ್ಬರೂ ಗಂಗತ್ತಿಯ ಹೊಸ್ತಿಲಿಗೆ ಬಂದು, 'ಆ ಮನಿಯವರಿಗೆ ಹೇಳು' ಅನ್ನುವರು. ಅಪ್ಪ ಯಾತ್ರಿಕರಿಗೆ ಸೋಲಾಪುರಿ ಚಾದರ ಮಾರುತ್ತಿದ್ದ, ಅವನಿಗೆ ಆ ಕೋಣೆಯಲ್ಲಿ ಅಂಗಡಿ ಇಡುವ ಆಸೆ. ಎಸ್‌ಟಿ ಬಸ್ಸಿನ ಕಂಡಕ್ಟರನಾಗಿದ್ದ ಕಾಕಾನಿಗೆ ಮಗನ ಮೋಟರ್‌ಸೈಕಲ್ ನಿಲ್ಲಿಸುವ ಆಸೆ. ಅಪ್ಪ ಬಾಯಿ ತೆಗೆದರೆ ಕಾಕಾ, ಅಕ್ಕನ ಹಕ್ಕು ಮುಟ್ಟಲಿ ನೋಡೋಣ ಎಂದು ಎದ್ದು ನಿಲ್ಲುವನು. ಕಾಕಾ ಒಂದು ಹೆಜ್ಜೆ ಮುಂದಿಟ್ಟರೆ ಅಪ್ಪ ಅದೇ ಮಾತನ್ನು ಅಷ್ಟೇ ಗಟ್ಟಿಯಾಗಿ ಆಡುವನು. ಗಂಗತ್ತಿ ತನ್ನ ಕೋಣೆಯ ಮುಂದಿನ ಕಟ್ಟೆಯನ್ನು ಚಾದರ ಹರವಲು ಅಪ್ಪನಿಗೆ ಬಿಟ್ಟಳು. ಕೋಣೆಯ ಹಿಂದಿನ ಹಿತ್ತಲ ಮೂಲೆಯನ್ನು ಕಾಕಾನ ಮೋಟರ್‌ಸೈಕಲ್ಲಿಗೆ ಬಿಟ್ಟಳು. ರಜೆಗೆ ಬಂದಾಗ ನನ್ನನ್ನು ಒಳಕಲ್ಲಿನ ಪಕ್ಕ ಕೂಡಿಸಿಕೊಂಡು ಅದರ ಸುದ್ದಿ ಹೇಳುತ್ತಿದ್ದಳು.

"ಕಟ್ಟಿ ಫ್ರೆಂಚರಿಗೆ ಹೋತು, ಹಿತ್ತಲ ಇಂಗ್ಲಿಷರಿಗೆ ಹೋತು. ನಡಕಿನ ಹೊಳಿ ನಂದೈತಿ, ನೀ ಚಟ್ನಿ ತಿನ್ನು."

ನಾವಿಬ್ಬರೂ ನಗುತ್ತಿದ್ದೆವು. ಆ ಕೋಣೆಯಲ್ಲಿ ಯಾರಿಗೂ ಏನನ್ನೂ ಕೇಳಬೇಕಾಗಿರಲಿಲ್ಲ. ಅವಳು ಬೇಕಾದಾಗ ಬಾಗಿಲು ಹಾಕಿಕೊಳ್ಳುವಳು, ಬೇಕಾದಾಗ ತೆಗೆಯುವಳು. ಓಣಿಯ ಹೆಂಗಸರು ಶೇಂಗಾ ತಂದು ಜಜ್ಜಿಸಿಕೊಂಡು ಹೋಗುವರು. ನಕಾಶೆಯನ್ನೂ ಪಡಸಾಲೆಯಿಂದ ತಂದು ತನ್ನ ಗೋಡೆಗೆ ತೂಗುಹಾಕಿಕೊಂಡಿದ್ದಳು.

ನನ್ನ ಮದುವೆಯ ದಿನ ಅವಳು ಈ ನೆಮ್ಮದಿಯನ್ನು ತಾನೇ ಕೆಡಿಸಿಕೊಂಡಳು. ಊಟದ ಪಂಕ್ತಿ ಕೂತಿತ್ತು. ಅಪ್ಪ ಈ ತುದಿಗೆ, ಕಾಕಾ ಆ ತುದಿಗೆ. ಮೊದಲ ಶೇಂಗಾ ಹೋಳಿಗೆ ಬಡಿಸುವುದು ಮನೆಯ ಹಿರಿಮಗಳ ಕೆಲಸ. ಗಂಗತ್ತಿ ಬುಟ್ಟಿ ಹಿಡಿದು ಬಂದವಳು ಪಂಕ್ತಿಯ ನಡುವೆ ಒಂದೇ ತಾಟು ಇಟ್ಟು, ಅದರಲ್ಲಿ ಒಂದೇ ಹೋಳಿಗೆ ಹಾಕಿ, ಇಬ್ಬರ ಹೆಸರು ಹಿಡಿದು ಕರೆದಳು. ಇಬ್ಬರೂ ತಲೆ ಎತ್ತಲಿಲ್ಲ. ತಮ್ಮಂದಿರು ಮುರಿದು ತಿನ್ನುವ ತನಕ ಯಾರಿಗೂ ಬಡಿಸುವುದಿಲ್ಲವೆಂದು ಅವಳು ಬುಟ್ಟಿಯನ್ನು ಕಂಕುಳಿಗೆ ಏರಿಸಿಕೊಂಡು ನಿಂತಳು. ವಾಗದರಿಯಿಂದ ಬಂದ ಬೀಗರು ಬಿಸಿ ತುಪ್ಪದ ವಾಸನೆಯ ಮುಂದೆ ಕೈಕಟ್ಟಿ ಕೂತಿದ್ದರು. ಅವರಲ್ಲೊಬ್ಬ ಮುದುಕ ಮೆಲ್ಲಗೆ, "ಅಣ್ಣಾರ, ನಿಮ್ಮ ಜಗಳ ದೊಡ್ಡದು ಖರೇ. ನಮ್ಮ ಹಸಿವೂ ಸಣ್ಣದಲ್ಲರಿ" ಅಂದ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅಪ್ಪ ಎದ್ದು ಬಂದ, ಕಾಕಾನೂ ಬಂದ. ಹೋಳಿಗೆ ಮುರಿಯುವಾಗ ಇಬ್ಬರ ಕಣ್ಣಲ್ಲೂ ನೀರಿತ್ತು, ಇದನ್ನು ನಾನೇ ನೋಡಿದ್ದೇನೆ.

ಎರಡು ಮನೆಯ ನಡುವೆ ಮಾತು ಶುರುವಾಯಿತು. ಅಣ್ಣತಮ್ಮ ಸಂಜೆ ಒಂದೇ ಕಟ್ಟೆಯ ಮೇಲೆ ಕೂತು ಚಹಾ ಕುಡಿಯತೊಡಗಿದರು. ಊರಿಗೆ ಯಾತ್ರಿಕರು ಹೆಚ್ಚುತ್ತಿದ್ದರು, ಸುತ್ತಲಿನ ಮಾಳಿಗೆ ಮನೆಗಳು ಬಿದ್ದು ಲಾಡ್ಜುಗಳು ಏಳುತ್ತಿದ್ದವು. ಇಬ್ಬರೂ ಕೂಡಿ ಮಾಡಿದ ಮೊದಲ ನಿರ್ಧಾರವೇ ಮನೆ ಕೆಡವಿ ಲಾಡ್ಜು ಕಟ್ಟುವುದು. ಕೋಣೆಯ ಪರವಾಗಿ ಎದ್ದು ನಿಲ್ಲಲು ಯಾರೂ ಉಳಿದಿರಲಿಲ್ಲ. ಸುದ್ದಿ ತಿಳಿದು ನಾನು ಬಂದು ಅಪ್ಪನೊಂದಿಗೆ ವಾದಿಸಿದೆ. ಅವನು ಸಿಟ್ಟಾಗಲಿಲ್ಲ. ಅಕ್ಕನಿಗೆ ಇನ್ನು ಒಂಟಿಯಾಗಿ ಒಲೆ ಹಚ್ಚುವ ಕಷ್ಟ ಯಾಕೆ, ಒಂದು ತಿಂಗಳು ನಮ್ಮಲ್ಲಿ, ಒಂದು ತಿಂಗಳು ತಮ್ಮನಲ್ಲಿ ರಾಣಿಯ ಹಾಗೆ ಇರುತ್ತಾಳೆ ಅಂದ. ಕಾಕಾನೂ ಅದನ್ನೇ ಅಂದ. ಇಬ್ಬರೂ ಮನಸಾರೆ ಹೇಳಿದ್ದರು. ಯಾರ ಮೇಲೂ ತಪ್ಪು ಹೊರಿಸಲಾಗದ ಇಂಥ ಅನ್ಯಾಯಕ್ಕೆ ಪತ್ರಿಕೆಯಲ್ಲಿ ಜಾಗವಿಲ್ಲ. ನನಗೆ ಇವತ್ತಿಗೂ ಹಲ್ಲು ಕಡಿಯುವಂತಾಗುವುದು ಅದಕ್ಕೇ.

ಮನೆ ಕೆಡವುವ ಹಿಂದಿನ ದಿನ ಗಂಗತ್ತಿ ಒಳಕಲ್ಲನ್ನು ತೊಳೆದು ಒರೆಸುತ್ತಿದ್ದಳು. ಅವಳ ಮೇಲೂ ನನಗೆ ಸಿಟ್ಟಿತ್ತು. ಅಜ್ಜ ಅಷ್ಟು ಸಲ ಹೇಳಿದ್ದನಲ್ಲ, ಅವರಿಬ್ಬರೂ ದೂರ ಇರುವ ತನಕ ಮಾತ್ರ ನಡುವಿನವರು ಉಳಿಯುತ್ತಾರೆಂದು ಗೊತ್ತಿರಲಿಲ್ಲವೇ, ಅವತ್ತು ಆ ತಾಟು ಯಾಕೆ ಇಟ್ಟೆ ಎಂದು ಕೇಳಿಬಿಟ್ಟೆ. ಅವಳು ಒರೆಸುವ ಕೈ ನಿಲ್ಲಿಸಲಿಲ್ಲ.

"ಗೊತ್ತಿತ್ತವಾ. ನಮ್ಮಪ್ಪ ಹೇಳಿದ್ದು ಮರ್ತಿದ್ದಿಲ್ಲ. ಆದ್ರ ಆ ಸಯಾಮಿನ ರಾಜಾ ಅವರಿಬ್ರಿಗೂ ಅಕ್ಕ ಆಗಿದ್ದಿಲ್ಲಲ್ಲ."

ಅವಳು ತಿಂಗಳು ಅಲ್ಲಿ, ತಿಂಗಳು ಇಲ್ಲಿ ಎಂದು ಸಣ್ಣ ಗಂಟು ಹಿಡಿದು ಓಡಾಡಿ, ಕೆಲವು ವರ್ಷಗಳಲ್ಲಿ ತೀರಿಹೋದಳು. ಇಬ್ಬರ ಮನೆಯಲ್ಲೂ ಅವಳಿಗೆ ಬಿಸಿ ಊಟ, ಮೆತ್ತನೆ ಹಾಸಿಗೆ ಇತ್ತು. ಹಾಕಿಕೊಳ್ಳಲು ಬಾಗಿಲಿರಲಿಲ್ಲ. ಅಪ್ಪನೂ ಕಾಕಾನೂ ಈಗಿಲ್ಲ. ನಕಾಶೆ ಸಾಮಾನು ಸಾಗಿಸುವಾಗ ಹರಿಯಿತೆಂದು ಒಬ್ಬರು, ಮಳೆಗೆ ನೆನೆಯಿತೆಂದು ಒಬ್ಬರು ಹೇಳುತ್ತಾರೆ. ಒಳಕಲ್ಲನ್ನು ಕೀಳಲು ಆಗಲಿಲ್ಲವಂತೆ. ಆಳವಾಗಿ ಹುಗಿದಿದ್ದರು. ಗುಳಿಗೆ ಸಿಮೆಂಟ್ ತುಂಬಿ ಮೇಲೆ ಟೈಲ್ಸ್ ಕೂಡಿಸಿದರೆಂದು ಲಾಡ್ಜು ಕಟ್ಟಿದ ಗೌಂಡಿ ನನಗೆ ಹೇಳಿದ್ದ. ಊಟ ಮುಗಿಸಿ ಏಳುವಾಗ, ಓಣಿಯಿಂದಲೂ ಹಿತ್ತಲಿನಿಂದಲೂ ಅಂದಾಜು ಮಾಡಿ ಆ ಜಾಗ ಹುಡುಕಿದೆ. ಮೂಲೆಯ ಮೇಜಿನ ಕೆಳಗೆ ಇರಬೇಕು. ಅಲ್ಲಿ ಒಂದು ಸಂಸಾರ ಒತ್ತೊತ್ತಾಗಿ ಕೂತು ಉಣ್ಣುತ್ತಿತ್ತು, ಇಬ್ಬರು ಗಂಡುಮಕ್ಕಳು, ನಡುವೆ ಅವರ ಅಕ್ಕ. ಚಟ್ನಿಯ ಬಟ್ಟಲು ಅವಳ ಮುಂದಿತ್ತು. ತಮ್ಮಂದಿರು ಆ ಕಡೆಯಿಂದೊಬ್ಬ ಈ ಕಡೆಯಿಂದೊಬ್ಬ ಕೈ ಚಾಚುತ್ತಿದ್ದರು, ಅವಳು ಇಬ್ಬರಿಗೂ ಬಟ್ಟಲನ್ನು ಸರಿಸುತ್ತಿದ್ದಳು.