ಒಂದೇ ಚೀಲದಲ್ಲಿ ಪೇಪರು, ಸಿಗರೇಟು

"ಇವನ ಕೈಲೆ ಡಿಗ್ರಿ ಆಗೂದಿಲ್ಲ" ಎಂದು ಮೊದಲು ಹೇಳಿದವರು ನಮ್ಮ ಸೋದರಮಾವ ಗುರುಸಿದ್ದಪ್ಪನವರು. "ಇವನ ಕೈಲೆ ಸಿಗರೇಟ ಬಿಡೂದು ಆಗೂದಿಲ್ಲ" ಎಂದು ಆಮೇಲೆ ಹೇಳಿದವರೂ ಅವರೇ. ಈ ಎರಡು ಭವಿಷ್ಯಗಳ ನಡುವೆ ತಮ್ಮ ಮಗಳು ಶೋಭಾಳನ್ನು ನನಗೇ ಕೊಟ್ಟು ಮದುವೆ ಮಾಡಿದರು. ಏನೂ ಕೈಲಾಗದವನ ಕೈಗೆ ಮಗಳನ್ನು ಹೇಗೆ ಕೊಟ್ಟರೋ, ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಡಿಗ್ರಿಯ ಮಾತು ಮೊದಲು ಮುಗಿಸುತ್ತೇನೆ, ಯಾಕೆಂದರೆ ನಾನು ಯಾವ ಮಾತನ್ನೂ ಅಲ್ಲಿಂದಲೇ ಶುರು ಮಾಡುವವನು. ನಮ್ಮಪ್ಪ ರಬಕವಿಯಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದರು. ಒಂದು ವಾರ ಅವರ ಉಗುರು ನೀಲಿ, ಇನ್ನೊಂದು ವಾರ ಕೆಂಪು. ಹಬ್ಬದ ದಿನ ಯಾವ ಬಣ್ಣ ಬರುತ್ತದೋ ಅವರಿಗೇ ಗೊತ್ತಿರುತ್ತಿರಲಿಲ್ಲ. ಅದೇ ಬಣ್ಣದ ಕೆಲಸವನ್ನು ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಎಂಬ ಹೆಸರಿನಲ್ಲಿ ಕಲಿತೆ. ಬೆಳಿಗ್ಗೆ ಕ್ಲಾಸು, ಸಂಜೆ ಮಾವನ ಪವರ್‌ಲೂಮ್ ಶೆಡ್ಡು. ಫೇಲಾದೆ, ಮತ್ತೆ ಕಟ್ಟಿದೆ, ಮತ್ತೆ ಫೇಲಾದೆ, ಕೊನೆಗೆ ಪಾಸಾದೆ. ಘಟಿಕೋತ್ಸವಕ್ಕೆ ಮನೆಯಿಂದ ಯಾರೂ ಬರಲಿಲ್ಲ. ಅದು ಏನು ಎಂದೇ ಯಾರಿಗೂ ಗೊತ್ತಿರಲಿಲ್ಲ. ಈಗ ಆ ಸರ್ಟಿಫಿಕೇಟು, ನಾವು ಪರದೇಶಕ್ಕೆ ಬಂದು ನೆಲೆಸಿದ ಹಡರ್ಸ್‌ಫೀಲ್ಡಿನ ಮನೆಯಲ್ಲಿ ಟೀವಿಯ ಮೇಲೆ ಗಾಜಿನ ಚೌಕಟ್ಟಿನಲ್ಲಿದೆ. ಬಂದ ಅತಿಥಿಗಳು ಅದರ ಬಗ್ಗೆ ಕೇಳುವುದಿಲ್ಲ. ನಾನು ಹೇಳುತ್ತೇನೆ.

ಓದಿನ ಜೊತೆಗೇ ಕಲಿತ ಇನ್ನೊಂದು ವಿದ್ಯೆ ಸಿಗರೇಟು. ಅದರಲ್ಲಿ ಒಮ್ಮೆಯೂ ಫೇಲಾಗಲಿಲ್ಲ. ಇಲ್ಲಿನ ಬಟ್ಟೆ ಕಾರ್ಖಾನೆಯಲ್ಲಿ ಬಣ್ಣದ ಕೆಮಿಸ್ಟ್ ಆದ ಮೇಲೂ ಹಿಂಬಾಗಿಲ ಬಳಿ, ಯಾರ್ಕ್‌ಷೈರಿನ ಅಡ್ಡಗಾಳಿಯಲ್ಲಿ ಕೋಟಿನೊಳಗೆ ತಲೆ ತೂರಿಸಿ ಕಡ್ಡಿ ಗೀರುತ್ತಿದ್ದೆ. ಚೂಯಿಂಗ್ ಗಮ್ ಜಗಿದೆ, ತೋಳಿಗೆ ನಿಕೋಟಿನ್ ಪಟ್ಟಿ ಅಂಟಿಸಿಕೊಂಡೆ, ದೇವರ ಮೇಲೆ ಆಣೆ ಹಾಕಿದೆ. ದೇವರು ದೊಡ್ಡವನು, ಪ್ರತಿ ಸಲವೂ ಕ್ಷಮಿಸಿದ. ಕಡೆಗೆ ಇಲ್ಲಿನ ನಗರಸಭೆಯಾದ ಕೌನ್ಸಿಲ್ ನಡೆಸುವ ಸಿಗರೇಟು ಬಿಡಿಸುವ ಕ್ಲಿನಿಕ್ಕಿಗೆ ಹೋದೆ. ಅಲ್ಲಿನ ಜ್ಯಾನೆಟ್ ಎಂಬ ಹೆಂಗಸು ಉಪನ್ಯಾಸ ಕೊಡಲಿಲ್ಲ. ಒಂದು ವೇಪ್, ಅಂದರೆ ನಿಕೋಟಿನ್ ದ್ರವವನ್ನು ಕಾಯಿಸಿ ಆವಿ ಎಳೆಯುವ ಬ್ಯಾಟರಿಯ ಕೊಳವೆ, ಕೊಟ್ಟು, ಇಲ್ಲಿಯವರು ಎಲ್ಲರನ್ನೂ ಕರೆಯುವ ಹಾಗೆ ಲವ್ ಎಂದೇ ಕರೆದು, "ಇದನ್ನು ಎಳಿ ಲವ್, ಅದನ್ನು ಬಿಡು" ಎಂದಳು. ಬಿಟ್ಟೆ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ಆ ವೇಪನ್ನು ಕಳೆದುಕೊಳ್ಳಬಾರದೆಂದು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡೆ. ವಿಡಿಯೋ ಕಾಲ್‌ನಲ್ಲಿ ನನ್ನ ಅಂಗಿಯೊಳಗೆ ಇಳಿದಿದ್ದ ದಾರವನ್ನು ಕಂಡ ಅವ್ವನ ಕಣ್ಣು ತುಂಬಿತು. "ಅಂತೂ ಲಿಂಗಾ ಕಟಗೊಂಡ್ಯಲ್ಲೋ ಬಸವರಾಜ. ಪರದೇಶಕ್ಕ ಹೋಗಿ ಬುದ್ಧಿ ಬಂತು ನೋಡು." ಹಿಂದಿನಿಂದ ಶೋಭಾ, "ಅತ್ತೀ, ಅದು ಲಿಂಗ ಅಲ್ರಿ, ಚಾರ್ಜ್ ಮಾಡೂದು" ಎಂದಳು. ಅವತ್ತಿನಿಂದ ವೇಪು ಪ್ಯಾಂಟಿನ ಜೇಬಿನಲ್ಲಿ.

ಮಾವ ಮಗಳ ಮನೆಯಲ್ಲಿ ಕೆಲವು ತಿಂಗಳಿದ್ದು ಹೋಗಲು ಬಂದದ್ದು ಆಗಲೇ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಮನುಷ್ಯ. ಆಪರೇಷನ್ ಆದ ಮೇಲೂ ಸಿಗರೇಟು ಬಿಟ್ಟಿರಲಿಲ್ಲ. ನಮ್ಮ ಮನೆಯ ಮೆಟ್ಟಿಲನ್ನು ಒಂದೇ ಸಲಕ್ಕೆ ಹತ್ತಲಾಗದೆ ನಡುವೆ ಕಿಟಕಿ ನೋಡುವ ನೆಪದಲ್ಲಿ ನಿಲ್ಲುತ್ತಿದ್ದರು. ಆ ಕಿಟಕಿಯಿಂದ ಕಾಣುವುದು ಪಕ್ಕದ ಮನೆಯ ಗೋಡೆ. ಅದನ್ನು ಅಷ್ಟು ಹೊತ್ತು ನೋಡಿದವರು ಜಗತ್ತಿನಲ್ಲಿ ಬೇರೆ ಯಾರೂ ಇರಲಾರರು. ಶೋಭಾ ಕೆಳಗೆ ನಿಂತು, ಅಪ್ಪ ಮೇಲೆ ಮುಟ್ಟುವವರೆಗೆ ಉಸಿರು ಹಿಡಿದಿರುತ್ತಿದ್ದಳು.

ನಾನು ಒಂದು ವೇಪು ತಂದು ಅವರ ಕೈಗಿಟ್ಟೆ. ನಮ್ಮ ದೇಶದಲ್ಲಿ ಇದಕ್ಕೆ ನಿಷೇಧ, ವಾಪಸು ಹೋಗುವಾಗ ಒಯ್ಯುವ ಹಾಗಿಲ್ಲ. ಸಿಗರೇಟಿಗೆ ಮಾತ್ರ ನಿಷೇಧವಿಲ್ಲ, ಪ್ರತಿ ಪಾನ್ ಅಂಗಡಿಯಲ್ಲೂ ತೋರಣದಂತೆ ತೂಗಾಡುತ್ತದೆ. ಹಾಗಾಗಿ ನಮ್ಮ ಯೋಜನೆ ಸರಳವಾಗಿತ್ತು. ಇಲ್ಲಿರುವಷ್ಟರಲ್ಲೇ ಸಿಗರೇಟಿನಿಂದ ವೇಪಿಗೆ ಬರಬೇಕು, ಆಮೇಲೆ ದ್ರವದಲ್ಲಿ ನಿಕೋಟಿನ್ ಇಳಿಸುತ್ತ ಬಂದು ಬರಿಗೈಯಲ್ಲಿ ವಿಮಾನ ಹತ್ತಬೇಕು. ಮಾವನಿಗೆ ಪುದೀನಾ ರುಚಿ ಹಿಡಿಸಿತು. "ಹಲ್ಲುಪುಡಿ ಸೇದಿದಂಗ ಆಕ್ಕೈತಿ" ಎಂದು ಬೈಯುತ್ತಲೇ ಎಳೆದರು. ಕೆಲವೇ ವಾರಗಳಲ್ಲಿ ಕೆಮ್ಮು ತಗ್ಗಿತು. ಒಂದು ದಿನ ಕಿಟಕಿಯ ಹತ್ತಿರ ನಿಲ್ಲದೆ ಮೇಲೆ ಹೋದರು. ಕೆಳಗೆ ಶೋಭಾ ನನ್ನನ್ನು ನೋಡಿದಳು. ಮದುವೆಯ ದಿನವೂ ಅವಳು ನನ್ನನ್ನು ಹಾಗೆ ನೋಡಿರಲಿಲ್ಲ.

ಆಮೇಲೆ ಬಂತು ಆ ಪೇಪರು.

ಮಾವ ದಿನಾ ಬೆಳಿಗ್ಗೆ ಮೂಲೆಯ ಅಂಗಡಿಯವರೆಗೆ ವಾಕಿಂಗ್ ಹೋಗುತ್ತಿದ್ದರು. ಅವತ್ತು ಹೋದವರು ಒಂದು ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಬಂದರು. ಚೀಲದಲ್ಲಿ ಒಂದು ಇಂಗ್ಲಿಷ್ ಪೇಪರು. ಮುಖಪುಟದ ತುಂಬ ಕಪ್ಪು ಬಳಿದ ಶ್ವಾಸಕೋಶದ ಚಿತ್ರ, ಮೇಲೆ ವೇಪಿನ ದ್ರವ ವಿಷ ಎಂದು ಮೊಳದುದ್ದದ ಅಕ್ಷರ. ಮಾವನಿಗೆ ಇಂಗ್ಲಿಷ್ ಬಾರದು. ಅಂಗಡಿಯವನು ಹಿಂದಿಯಲ್ಲಿ ಅರ್ಥ ಹೇಳಿದ್ದ. ಅದೇ ಚೀಲದ ತಳದಲ್ಲಿ, ಅದೇ ಕೌಂಟರಿನಿಂದ, ಅದೇ ಅಂಗಡಿಯವನ ಕೈಯಿಂದ ಕೊಂಡ ಒಂದು ಪ್ಯಾಕ್ ಸಿಗರೇಟು.

ಒಂದೇ ಚೀಲದಲ್ಲಿ.

ಈ ದೇಶದಲ್ಲಿ ಸಿಗರೇಟಿನ ಪ್ಯಾಕಿಗೆ ಕೆಸರಿನಂಥ ಒಂದು ಹಸಿರು ಬಳಿದಿರುತ್ತಾರೆ. ಬಣ್ಣದ ಕೆಮಿಸ್ಟ್ ಆಗಿ ಹೇಳುತ್ತೇನೆ, ಆ ಬಣ್ಣದ ಬಟ್ಟೆಗೆ ನನ್ನ ಬಳಿ ಇದುವರೆಗೆ ಯಾರೂ ಆರ್ಡರ್ ಕೊಟ್ಟಿಲ್ಲ. ಅದರ ಮೇಲೂ ಒಂದು ಕೊಳೆತ ಅಂಗದ ಫೋಟೋ ಇತ್ತು. ಪೇಪರಿನ ಚಿತ್ರ ಯಾರೋ ಕಂಪ್ಯೂಟರಿನಲ್ಲಿ ಬರೆದದ್ದು, ಪ್ಯಾಕಿನದು ನಿಜವಾದ ಮನುಷ್ಯನದು. ಮಾವ ಪೇಪರನ್ನು ನಂಬಿದರು.

"ಮಾವಾ, ಇದರ ಮ್ಯಾಲಿನ ಫೋಟೋ ನೋಡ್ರಿ."

"ಅದು ಹಳೇದಪಾ. ಮೊದಲಿಂದನೂ ಐತಿ."

"ಹಳೇದಾದ್ರ ಸುಳ್ಳ ಆಕ್ಕೈತೇನ್ರಿ?"

"ನೋಡ ಬಸ್ಯಾ, ಇಂವಾ ಗೊತ್ತಿದ್ದ ವೈರಿ. ಪ್ರಾಯದಾಗಿಂದ ನನ್ನ ಜೋಡಿ ಅದಾನ. ನಿನ್ನ ಪುದೀನಾ ಹೊಸಬ. ಅಂವನ ಮನಿ ಎಲ್ಲಿ, ಮಠ ಎಲ್ಲಿ, ಯಾರಿಗೆ ಗೊತ್ತು?" ಎಂದವರು ಕಡ್ಡಿಪೆಟ್ಟಿಗೆ ತೆಗೆದರು. ತೆಗೆದವರು ಸ್ವಲ್ಪ ಹೊತ್ತು ಅದನ್ನೇ ನೋಡಿದರು. "ಮತ್ತ ಖರೇ ಹೇಳಲಾ? ಇದನ್ನ ಬಿಡೂದು ನನ್ನ ಕೈಲೆ ಆಗೂದಿಲ್ಲ."

ಮಧ್ಯಾಹ್ನದ ಹೊತ್ತಿಗೆ ಅದೇ ಸುದ್ದಿ ಕನ್ನಡ ಟೀವಿಯ ಬಾಯಿಯಿಂದ ಸುತ್ತಿ ವಾಟ್ಸ್‌ಆಪ್‌ಗೆ ಬಂತು. ಹಿನ್ನೆಲೆಯಲ್ಲಿ ದೆವ್ವದ ಸಿನಿಮಾದ ಸಂಗೀತ, ಶ್ವಾಸಕೋಶ ಪಾಪ್‌ಕಾರ್ನಿನಂತೆ ಸಿಡಿಯುವ ಗ್ರಾಫಿಕ್ಸು. ಸಂಜೆಯ ಹೊತ್ತಿಗೆ ಮಾವ ಮೆಟ್ಟಿಲ ನಡುವೆ ನಿಂತು ಪಕ್ಕದ ಮನೆಯ ಗೋಡೆ ನೋಡುತ್ತಿದ್ದರು. ಅಷ್ಟು ಬೇಗ ಉಸಿರು ಕಟ್ಟಿತೋ, ಹೆದರಿಕೆಯೋ, ಹಳೆಯ ಅಭ್ಯಾಸವೋ. ಶೋಭಾ ಕೆಳಗೆ ನಿಂತಿದ್ದಳು. ಅವಳು ನನ್ನ ಕಡೆ ನೋಡಲಿಲ್ಲ.

ನನ್ನ ಸಿಟ್ಟು ಇದು, ಸ್ವಾಮಿ. ಕಾರಿನ ರೇಡಿಯೇಟರಿಗೆ ಹಾಕುವ ರಾಸಾಯನಿಕ ವೇಪಿನಲ್ಲಿದೆ ಎಂದು ಬರೆಯುತ್ತಾರೆ. ನಮ್ಮ ರಬಕವಿಯಲ್ಲಿ ಒಂದೇ ಅಡ್ಡಹೆಸರಿನ ಎರಡು ಮನೆಗಳಿದ್ದವು. ಒಂದು ಮನೆಯವನು ಹಗಲುಗಳ್ಳ, ಇನ್ನೊಂದು ಮನೆಯವರು ಪೂಜಾರಿಗಳು. ಕಳ್ಳನನ್ನು ಹಿಡಿಯಲು ಬಂದ ಪೊಲೀಸರು ಪೂಜಾರಿಯನ್ನು ಎಳೆದುಕೊಂಡು ಹೋದಂತಾಯಿತು ಇದು. ಗ್ಲೈಕಾಲ್ ಎಂಬ ಅಡ್ಡಹೆಸರಿನವರು ಇಬ್ಬರಿದ್ದಾರೆ. ಎಥಿಲೀನ್ ಎಂಬವನು ಕುಡಿದವರನ್ನು ಕೊಲ್ಲುತ್ತಾನೆ. ಪ್ರೊಪಿಲೀನ್ ಎಂಬವನು ಔಷಧಿಯಲ್ಲೂ ಕೇಕಿನ ಬಣ್ಣದಲ್ಲೂ ಇದ್ದಾನೆ, ವೇಪಿನಲ್ಲಿರುವವನು ಇವನೇ. ಕೊಲ್ಲುವವನು ಬೇಡ ಎಂದೇ ಕೆಲವು ಕಡೆ ರೇಡಿಯೇಟರಿಗೂ ಈ ಪ್ರೊಪಿಲೀನನನ್ನೇ ಕರೆಯುತ್ತಾರೆ. ವೇಪ್ ಎಳೆದರೆ ಪಾಪ್‌ಕಾರ್ನ್ ಶ್ವಾಸಕೋಶ ಬರುತ್ತದೆ ಎಂಬ ಕತೆಯೂ ಹೀಗೇ. ಪಾಪ್‌ಕಾರ್ನಿಗೆ ಬೆಣ್ಣೆಯ ವಾಸನೆ ಕೊಡುವ ಪದಾರ್ಥವನ್ನು ಕಾರ್ಖಾನೆಯಲ್ಲಿ ದಿನವಿಡೀ ಉಸಿರಾಡಿದ ಕೆಲಸಗಾರರಿಗೆ ಬಂದ ಕಾಯಿಲೆ ಅದು. ಆ ಪದಾರ್ಥವನ್ನು ಇಲ್ಲಿ ವೇಪಿನ ದ್ರವಕ್ಕೆ ಹಾಕಬಾರದೆಂಬ ಕಾನೂನಾಗಿ ವರ್ಷಗಳಾದವು. ಸಿಗರೇಟಿನ ಹೊಗೆಯಲ್ಲಿ ಅದು ಧಾರಾಳವಾಗಿದೆ. ಅದನ್ನು ಯಾವ ಮುಖಪುಟವೂ ಹೇಳಲಿಲ್ಲ.

ವೇಪು ಅಮೃತ ಎಂದು ನಾನು ಹೇಳುತ್ತಿಲ್ಲ. ತಿನ್ನುವುದು ಬೇರೆ, ಉಸಿರಾಡುವುದು ಬೇರೆ. ವರ್ಷಗಟ್ಟಲೆ ಎಳೆದರೆ ಏನಾಗುತ್ತದೆಂದು ಇನ್ನೂ ಪೂರ್ತಿ ಗೊತ್ತಿಲ್ಲ. ಸಿಗರೇಟು ಮುಟ್ಟದವರು ಇದನ್ನೂ ಮುಟ್ಟಬೇಡಿ. ಮಕ್ಕಳ ಕಣ್ಣಿಗೆ ಬೀಳಲೆಂದು ಪೆಪ್ಪರಮೆಂಟಿನ ಬಣ್ಣ ಬಳಿದು ಮಾರುವವರನ್ನು, ಕೌಂಟರಿನ ಕೆಳಗಿನಿಂದ ಕಳ್ಳಮಾಲು ತೆಗೆದುಕೊಡುವವರನ್ನು ಹಿಡಿದು ಒಳಗೆ ಹಾಕಲಿ, ನಾನೇ ಬಾಗಿಲು ತೆರೆದು ಹಿಡಿಯುತ್ತೇನೆ. ಪೇಪರಿನವರೇ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯಿರಿ. ಆದರೆ ಸಿಗರೇಟಿಗಿಂತ ಇದು ಬಹಳ ಕಡಿಮೆ ಕೆಟ್ಟದ್ದು ಎಂಬ ಒಂದು ಸಾಲನ್ನೂ ಅಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ ಬರೆಯಿರಿ. ಹೆದರಿದ ಮನುಷ್ಯ ವೇಪು ಕೆಳಗಿಟ್ಟು ಗಾಳಿ ಸೇವಿಸುತ್ತಾನೆಂದು ತಿಳಿದಿರಾ? ಅವನ ಕೈ ಎಲ್ಲಿಗೆ ಹೋಗುತ್ತದೆಂದು ನಿಮಗೆ ಗೊತ್ತಿಲ್ಲವೇ? ನಿಮ್ಮ ಪೇಪರು ಮಾರುವ ಕೌಂಟರಿನ ಹಿಂದೆಯೇ ಇದೆ ಅದು.

ಸಿಟ್ಟು ತಡೆಯದೆ ಇಲ್ಲಿನ ರೇಡಿಯೋಗೆ ಫೋನ್ ಮಾಡಿದೆ. ಆ ದಿನ ಅವರ ಚರ್ಚೆಯೂ ಇದೇ ಆಗಿತ್ತು. ಬಹಳ ಹೊತ್ತು ಸಂಗೀತ ಕೇಳಿಸಿ ಕೊನೆಗೆ ಒಳಗೆ ಬಿಟ್ಟರು. ಕಾರ್ಯಕ್ರಮ ನಡೆಸುವವನು, "ನೀವು ಡಾಕ್ಟರಾ?" ಎಂದ.

"ಅಲ್ಲ, ಕೆಮಿಸ್ಟ್. ಡಿಗ್ರಿ ಇದೆ."

"ಔಷಧಿ ಕಂಪನಿಯಲ್ಲಾ?"

"ಕೋಟಿನ ಬಟ್ಟೆಗೆ ಬಣ್ಣ ಹಾಕುವ ಕಂಪನಿ."

"ಓ, ಲವ್ಲಿ!" ಎಂದವನು, ನಾನು ಎರಡನೇ ಗ್ಲೈಕಾಲಿಗೆ ಬರುವ ಮೊದಲೇ ಥ್ಯಾಂಕ್ಸ್ ಹೇಳಿ, ಲೀಡ್ಸ್ ರಸ್ತೆಯಲ್ಲಿ ಕೆಟ್ಟು ನಿಂತ ಲಾರಿಯ ವಿಷಯಕ್ಕೆ ಹೋದ. ಲಾರಿಯ ರೇಡಿಯೇಟರ್ ಕುದಿದಿತ್ತಂತೆ. ಎಷ್ಟು ಕಷ್ಟಪಟ್ಟು ಸಂಪಾದಿಸಿದ ಡಿಗ್ರಿಯೋ, ಮಾವನನ್ನೂ ಒಪ್ಪಿಸಲಿಲ್ಲ, ಮೈಕಿನವನನ್ನೂ ಒಪ್ಪಿಸಲಿಲ್ಲ.

ನನ್ನ ಕೊನೆಯ ಭೇಟಿಗೆ ಕ್ಲಿನಿಕ್ಕಿಗೆ ಹೋಗಬೇಕಿತ್ತು. ಶೋಭಾ, "ಅಪ್ಪನ್ನೂ ಕರಕೊಂಡು ಹೋಗ್ರಿ. ಮನ್ಯಾಗ ಇದ್ರ ಹಿತ್ತಲದಾಗ ನಿಂತು ಸೇದತಾರ" ಎಂದಳು. ಬಸ್ಸಿನಲ್ಲಿ ಮಾವ ನನ್ನ ಪಕ್ಕ ಕೂತರು. ಅವರ ಕೋಟಿನ ಜೇಬಿನಲ್ಲಿ ಆ ಕೆಸರು ಬಣ್ಣದ ಪ್ಯಾಕು ಎದ್ದು ಕಾಣುತ್ತಿತ್ತು.

ಕ್ಲಿನಿಕ್ಕಿನಲ್ಲಿ ಒಂದು ಪುಟ್ಟ ಯಂತ್ರವಿದೆ. ಉಸಿರು ಕಟ್ಟಿ ಅದರೊಳಗೆ ಊದಬೇಕು. ಸುಟ್ಟ ಹೊಗೆಯ ಅನಿಲ ನಮ್ಮ ಉಸಿರಿನಲ್ಲಿದ್ದರೆ ಕೆಂಪು ದೀಪ, ಇಲ್ಲದಿದ್ದರೆ ಹಸಿರು. ನಾನು ಊದಿದೆ. ಹಸಿರು. ಮೂಲೆಯಲ್ಲಿ ಕೂತಿದ್ದ ಮಾವನ ಕಡೆ ತಿರುಗಿ ಜ್ಯಾನೆಟ್, "ಅಪ್ಪನೂ ಊದುತ್ತಾರಾ?" ಎಂದಳು. ಹೆಂಗಸರ ಮಾತು ತೆಗೆದುಹಾಕುವುದು ಮಾವನ ಪದ್ಧತಿಯಲ್ಲ. ಊದಿದರು. ಕೆಂಪು. ಅದಕ್ಕೆ ಭಾಷೆ ಬೇಕಾಗಲಿಲ್ಲ. ನನ್ನ ಹಸಿರನ್ನು ನೋಡಿದ್ದವರು ತಮ್ಮ ಕೆಂಪನ್ನು ನೋಡಿದರು. ಅವರು ವಿಷವೆಂದು ಬಿಟ್ಟ ಅದೇ ಪುದೀನಾವನ್ನು, ಅದೇ ಬಾಟಲಿಯಿಂದ ನಾನಿನ್ನೂ ಎಳೆಯುತ್ತಿದ್ದೆನಲ್ಲ.

ಊದಲು ಬಗ್ಗಿದಾಗ ಅವರ ಅಂಗಿಯಿಂದ ದಾರ ಹೊರಬಂದಿತ್ತು, ತುದಿಯಲ್ಲಿ ಲಿಂಗವಿಟ್ಟ ಬೆಳ್ಳಿಯ ಕರಡಿಗೆ. ಜ್ಯಾನೆಟ್ ಅದನ್ನು ಮೆಚ್ಚಿ ನೋಡಿ, "ಅಬ್ಬಾ, ಎಂಥ ಚೆಂದದ ವೇಪು! ಎಲ್ಲಿ ಸಿಕ್ಕಿತು?" ಎಂದಳು.

"ಏನಂತಾಳ?" ಎಂದರು ಮಾವ. ಹೇಳದೆ ವಿಧಿಯಿರಲಿಲ್ಲ, ಹೇಳಿದೆ. ಕುರ್ಚಿ ತಳ್ಳಿ ಎದ್ದುಹೋಗುತ್ತಾರೆ ಅಂದುಕೊಂಡರೆ ಮಾವ ಹೊಟ್ಟೆ ಹಿಡಿದು ನಕ್ಕರು. ನಗುತ್ತ ಕೆಮ್ಮಿದರು, ಕೆಮ್ಮುತ್ತ ನಕ್ಕರು. ಕಣ್ಣೊರೆಸಿಕೊಂಡು, "ಹೇಳಾಕಿಗೆ, ಇದು ದೇವರು. ಸಣ್ಣಾಂವಿದ್ದಾಗ ಕಟಗೊಂಡಿದ್ದು. ದಿನಾ ಜಳಕಾ ಮಾಡಿ ಪೂಜಾ ಆಗೂಮಟಾ ಬಾಯಾಗ ಏನೂ ಹಾಕೂದಿಲ್ಲ" ಎಂದರು.

ಜ್ಯಾನೆಟ್ ಕ್ಷಮೆ ಕೇಳಿದಳು. ಆಮೇಲೆ, "ಏನೂ ಅಂದರೆ, ಸಿಗರೇಟೂ ಇಲ್ಲವಾ?" ಎಂದಳು.

ಅದನ್ನು ಕನ್ನಡದಲ್ಲಿ ಕೇಳಿದ್ದಕ್ಕೆ ಮಾವ ನನ್ನ ಮೇಲೆಯೇ ಸಿಟ್ಟಾದರು. "ಏನ್ ಕೇಳ್ತೀಯೋ ಬಸ್ಯಾ! ಪೂಜಾಕ ಮೊದಲ ಸಿಗರೇಟ ಯಾರ ಸೇದತಾರ? ಒಂದ ದಿನಾನೂ ತಪ್ಪಿಲ್ಲ. ಆಸ್ಪತ್ರ್ಯಾಗ ಇದ್ದಾಗೂ."

ಅದನ್ನು ನಾನು ಇಂಗ್ಲಿಷಿಗೆ ತಿರುಗಿಸುವಾಗಲೇ ಮಾವನ ಕೈ ಮೆಲ್ಲಗೆ ಕರಡಿಗೆಯನ್ನು ಮುಟ್ಟಿತು. ಜ್ಯಾನೆಟ್, "ಹಾಗಾದರೆ ಪ್ರತಿ ದಿನ ಬೆಳಿಗ್ಗೆ ಬಿಡುತ್ತಾರೆ" ಎಂದಷ್ಟೇ ಹೇಳಿ ಒಳಗೆ ಹೋದಳು. ಅದನ್ನೂ ಮಾವನಿಗೆ ತಿರುಗಿಸಿ ಹೇಳಿದೆ. ಬರುವಾಗ ಕೈಯಲ್ಲಿ ನನ್ನ ಹೆಸರಿನ ಸರ್ಟಿಫಿಕೇಟಿತ್ತು. ಸಿಗರೇಟು ಬಿಟ್ಟವನು ಎಂದು ಕೌನ್ಸಿಲ್ಲಿನ ಮುದ್ರೆಯ ಸಮೇತ. ಹಿರಿಯರೇ ಕೊಡಲಿ ಎಂದು ಅದನ್ನು ಮಾವನ ಕೈಗಿತ್ತಳು.

ಮಾವ ಎದ್ದು ನಿಂತರು, ಕೋಟಿನ ಗುಂಡಿ ಹಾಕಿಕೊಂಡರು. ನಾನೂ ನಿಂತೆ. ನನ್ನ ಘಟಿಕೋತ್ಸವಕ್ಕೆ ಮನೆಯವರೊಬ್ಬರು ಬಂದದ್ದು ಇದೇ ಮೊದಲು. ಸರ್ಟಿಫಿಕೇಟನ್ನು ನನಗೆ ಕೊಟ್ಟು, ಜೇಬಿನ ಪ್ಯಾಕನ್ನು ತೆಗೆದು ಮೇಜಿನ ಮೇಲಿಟ್ಟು, ಖಾಲಿ ಕೈಯನ್ನು ನನ್ನ ಮುಂದೆ ಚಾಚಿದರು.

"ಆ ಪುದೀನಾ ಕೊಡಿಲ್ಲೆ. ನಿನ್ನ ಡಿಗ್ರಿ ಆಗೂದಿಲ್ಲ ಅಂದೆ, ಆತು. ಸಿಗರೇಟ ಬಿಡೂದು ಆಗೂದಿಲ್ಲ ಅಂದೆ, ಆತು. ಮೊನ್ನೆ ನನಗ ನಾನ ಆಗೂದಿಲ್ಲ ಅಂದೀನಿ. ನಾ ಆಗೂದಿಲ್ಲ ಅಂದಿದ್ದು ಯಾವತ್ತರೆ ಆಗದ ಉಳದೈತೇನೋ ಬಸ್ಯಾ?"