ದೊಡ್ಡಮ್ಮ ಹೊರಗೆ ಕೂತ ದಿನಗಳು

ನನ್ನ ದೊಡ್ಡಮ್ಮನ ಎಡಗೈ ಮೇಲೆ ಚಾಪೆಯ ಗೆರೆಗಳು ಮಾಸುತ್ತಲೇ ಇರಲಿಲ್ಲ. ಮುಟ್ಟಾದ ಹೆಂಗಸರು ಮೂರು ದಿನ ಹೊರಗಿರಬೇಕಾಗಿದ್ದ ಕಾಲ ಅದು. ಹೊಳೆನರಸೀಪುರದ ನಮ್ಮ ಹಿತ್ತಿಲ ಕೋಣೆಯಲ್ಲಿ, ತಣ್ಣನೆಯ ಕಲ್ಲುಚಪ್ಪಡಿಯ ಮೇಲೆ ಚಾಪೆ ಹಾಸಿ, ಆ ಕೈಯನ್ನೇ ದಿಂಬಾಗಿಸಿಕೊಂಡು ಅವಳು ಮಲಗುತ್ತಿದ್ದಳು. ಉಳಿದ ಹೆಂಗಸರಿಗಿಂತ ಇಮ್ಮಡಿ ದಿನ ಮಲಗಿದಳು. ಅದಕ್ಕೆ ಕಾರಣ ನಾನು.

ಅವಳ ಒಬ್ಬಳೇ ಮಗಳು ಹದಿಮೂರಕ್ಕೆ ಬಸಿರಾಗಿ, ಹೆರಲಾರದೆ, ಅವಳ ತೊಡೆಯ ಮೇಲೆಯೇ ಸತ್ತಿದ್ದಳು. ಹಿರಿಯರು ವಿಧಿ ಎಂದರು. ವಿಧಿಯಲ್ಲ. ಆಡುವ ಮಗುವಿಗೆ ತಾಳಿ ಕಟ್ಟಿಸಿದವರು, ಮೈನೆರೆದ ತಿಂಗಳೇ ಗಂಡನೊಡನೆ ಕೂಡಿಸುವ ಪ್ರಸ್ತಕ್ಕೆ ಮುಹೂರ್ತವಿಟ್ಟವರು, ಕೋಣೆಯ ಬಾಗಿಲೆಳೆದು ಹೊರಗೆ ಹಾಡು ಹೇಳಿದವರು, ಎಲ್ಲರೂ ಸೇರಿ ಅವಳನ್ನು ಕೊಂದರು. ಇದನ್ನು ಹಾಸನ, ಅರಕಲಗೂಡಿನಲ್ಲಿ ಬಾಲ್ಯವಿವಾಹದ ವಿರುದ್ಧ ನಡೆದ ಸಭೆಗಳಲ್ಲಿ ಹೇಳಿ ಹೇಳಿ ನನ್ನ ಗಂಟಲು ಸೋತಿದೆ. ದೊಡ್ಡಮ್ಮ ಯಾರಿಗೂ ಏನೂ ಹೇಳಲಿಲ್ಲ.

ತಾಯಿಯಿಲ್ಲದ ನಾನು ಅವಳ ಮನೆಯಲ್ಲಿ ಬೆಳೆದೆ. ಹತ್ತಕ್ಕೇ ಚನ್ನರಾಯಪಟ್ಟಣದ ಮನೆತನವೊಂದಕ್ಕೆ ನನ್ನ ಮದುವೆ ಮಾಡಿದ್ದರು. ಮೈನೆರೆದ ಸುದ್ದಿ ಮುಟ್ಟಿದೊಡನೆ ಕರೆದೊಯ್ಯುವುದೆಂದು ಮಾತು. ಹನ್ನೆರಡಕ್ಕೆ ನಾನು ಮೈನೆರೆದಾಗ ದೊಡ್ಡಮ್ಮ ನನ್ನನ್ನು ಒಳಗೇ ನಿಲ್ಲಿಸಿ, ತಾನು ಚಾಪೆ ಎತ್ತಿಕೊಂಡಳು.

"ಹೊರಗಾದವಳು ನಾನು ಕಣೇ. ನೀನು ಹೋಗಿ ಅನ್ನಕ್ಕಿಡು."

ನನ್ನ ಮುಟ್ಟಿನ ಬಟ್ಟೆಯನ್ನು, ನೋಡಿದವರು ತನ್ನದೆಂದು ತಿಳಿಯಲೆಂದು, ತಾನೇ ಒಗೆದಳು. ಅಂದಿನಿಂದ ತಿಂಗಳಿಗೆ ಎರಡು ಬಾರಿ ಹಿತ್ತಿಲು: ತನಗೊಮ್ಮೆ, ನನಗೊಮ್ಮೆ. ಮಡಿಯುಟ್ಟು ಪೂಜೆ ಮಾಡುತ್ತಿದ್ದ ದೊಡ್ಡಪ್ಪ ಏನೂ ಅರಿಯದೆ ನನ್ನ ಕೈಯಡುಗೆ ಉಂಡರು.

"ಏನ್ರೀ, ಮೊನ್ನೆ ತಾನೆ ತಲೆಗೆ ನೀರು ಹಾಕ್ಕೊಂಡ್ರಿ, ಮತ್ತೆ ಬಂದ್ರಾ? ಅಡುಗೆ ತಪ್ಪಿಸ್ಕೊಳ್ಳೋಕೆ ಒಳ್ಳೆ ಉಪಾಯ," ಎಂದು ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಕೆಣಕುವಳು.

"ನೀವೂ ಬನ್ನಿ, ಚಾಪೆ ದೊಡ್ಡದಿದೆ," ಎನ್ನುವಳು ದೊಡ್ಡಮ್ಮ.

ಒಂದು ಶುಕ್ರವಾರ ಚನ್ನರಾಯಪಟ್ಟಣದಿಂದ ನನ್ನ ಅತ್ತೆ ಹೇಳದೆ ಕೇಳದೆ ಬಸ್ಸಿಳಿದು ಬಂದರು. ಅಂದು ನನ್ನ ಎರಡನೆಯ ದಿನ. ನನಗಾಗಿ ದೊಡ್ಡಮ್ಮ ಹಿತ್ತಿಲಲ್ಲಿದ್ದಳು. "ಹದಿನಾಲ್ಕಾಯ್ತು, ಇನ್ನೂ ಇಲ್ಲ ಅಂದ್ರೆ ಯಾರು ನಂಬ್ತಾರೆ?" ಎಂದು ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಎಲ್ಲಿ, ದೇವರ ದೀಪ ಹಚ್ಚು ನೋಡೋಣ." ಮುಟ್ಟಾದ ಹುಡುಗಿ ದೇವರ ಮನೆಯ ಹೊಸ್ತಿಲು ದಾಟಲಾರಳೆಂದು ಅವರಿಗೆ ಗೊತ್ತಿತ್ತು. ನಾನು ಹೊಸ್ತಿಲ ಈಚೆಗೇ ನಿಂತೆ. ಹಿತ್ತಿಲಿನಿಂದ ದೊಡ್ಡಮ್ಮನ ದನಿ ಬಂತು: "ಹಚ್ಚಮ್ಮ. ಬತ್ತಿ ಹೊಸದು ಹಾಕು."

ಹಚ್ಚಿದೆ. ಅತ್ತೆ ದೀಪಕ್ಕೆ ಕೈಮುಗಿದು, ಸಂಜೆಯ ಬಸ್ಸಿಗೆ ಹಿಂದಿರುಗಿದರು. ದೊಡ್ಡಮ್ಮ ಅಂದು ಊಟ ಮುಟ್ಟಲಿಲ್ಲ.

ನನಗೆ ಹದಿನಾರು ತುಂಬಿದ ಮೇಲೆ ಅವಳೇ ಎಳ್ಳುಬೆಲ್ಲ ಕುಟ್ಟಿ, ಹುಡುಗಿ ಮೈನೆರೆದಾಗ ಹಂಚುವ ಚಿಗಳಿ ಉಂಡೆ ಮಾಡಿ, ಸುದ್ದಿ ಕಳಿಸಿದಳು. ಹದಿನೆಂಟಕ್ಕೆ ಹೆತ್ತೆ. ನಾನೂ ಉಳಿದೆ, ಮಗುವೂ ಉಳಿಯಿತು.

ಮುಟ್ಟಿನ ದೋಷ ಕಳೆಯಲೆಂದು ಹೆಂಗಸರು ಋಷಿಪಂಚಮಿಯಂದು ಹೊಳೆಯಲ್ಲಿ ಮುಳುಗುತ್ತಾರೆ. ದೊಡ್ಡಮ್ಮ ವರ್ಷವರ್ಷವೂ ಹೇಮಾವತಿಯಲ್ಲಿ ತನ್ನದೂ ನನ್ನದೂ ಸೇರಿ ಇಬ್ಬರ ಪಾಲು ಮುಳುಗಿದಳು. ಅವಳ ಕೊನೆಯ ಕಾಯಿಲೆಯಲ್ಲಿ, ನನ್ನ ಮುಟ್ಟನ್ನು ಮುಚ್ಚಿಟ್ಟದ್ದು ಪಾಪವಲ್ಲವೆಂದು ನಾನು ಸಭೆಗಳ ವಾದವನ್ನೆಲ್ಲ ಅವಳ ಹಾಸಿಗೆಯ ಬಳಿ ಹೂಡಿದೆ. ಪೂರ್ತಿ ಕೇಳಿಸಿಕೊಂಡು ನನ್ನ ಕೈ ಹಿಡಿದಳು.

"ಪಾಪವೇ ಕಣೇ. ಗೊತ್ತಿದ್ದೇ ಮಾಡ್ದೆ. ಇನ್ನೊಂದು ಹುಡುಗೀನ ತೊಡೆ ಮೇಲೆ ಹಾಕ್ಕೊಂಡು ಕೂರೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ."

ಆ ವಾರವೇ ಹೋದಳು. ವ್ರತಗಳನ್ನು ನಂಬದ ನಾನು ಈ ಭಾದ್ರಪದದ ಋಷಿಪಂಚಮಿಯಂದು ಹೇಮಾವತಿಗಿಳಿದು, ಇಬ್ಬರ ಪಾಲೂ ಮುಳುಗಿ ಬಂದೆ.