ನೀಲಿ ಪರದೆಯೂ ನನ್ನ ಕೈಗುಣವೂ

ತವರಿನಲ್ಲಿ ನನಗೆ ಸಂಶಯಪಿಶಾಚಿ ಎಂದೇ ಹೆಸರು. ತರಕಾರಿಯವನು ತಕ್ಕಡಿ ಕೆಳಗಿಡುವವರೆಗೂ ಅವನ ಬೆರಳನ್ನೇ ನೋಡುವವಳು ನಾನು. ದಾವಣಗೆರೆಯಿಂದ ಮದುವೆಯಾಗಿ ಬೆಂಗಳೂರಿಗೆ ಹೊರಟಾಗ ಅಮ್ಮ ಹೇಳಿದ್ದು ಒಂದೇ ಮಾತು, ಅಲ್ಲಿ ಹೋಗಿ ಎಲ್ಲರನ್ನೂ ಅನುಮಾನಿಸುತ್ತಾ ಕೂರಬೇಡ ಎಂದು. ಒಂದಷ್ಟು ಕಾಲ ಅಮ್ಮನ ಮಾತು ಉಳಿಸಿಕೊಂಡೆ. ಮನೆಗೆ ಕಂಪ್ಯೂಟರು ಬಂದ ಮೇಲೆ ಆಗಲಿಲ್ಲ.

ಗಂಡನ ಮನೆ ಟಿನ್ ಫ್ಯಾಕ್ಟರಿ ಬಸ್ ನಿಲ್ದಾಣದಿಂದ ಒಳಕ್ಕೆ, ಹಳೆಯ ಊರಿನ ಬೀದಿಯಲ್ಲಿತ್ತು. ಒಂದು ಕಾಲಕ್ಕೆ ರಾಗಿ, ಸೊಪ್ಪು ಬೆಳೆಯುತ್ತಿದ್ದ ಮನೆತನ. ನಾನು ಬರುವ ಹೊತ್ತಿಗೆ ಮಾವನವರೂ ಇರಲಿಲ್ಲ, ಹೊಲವೂ ಇರಲಿಲ್ಲ. ಕೆಳಗೆ ಅತ್ತೆ, ಇವರು, ನಾನು, ಮೇಲೆ ಬಾಡಿಗೆಯವರು. ಇವರು ಎಂದರೆ ನನ್ನ ಯಜಮಾನರು, ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ನಾನು ಇಂದಿರಾನಗರದ ಸಣ್ಣ ಕಂಪನಿಯೊಂದಕ್ಕೆ ಹೋಗುತ್ತಿದ್ದೆ. ಅಮೆರಿಕದ ಡಾಕ್ಟರುಗಳು ತಮ್ಮ ರೋಗಿಗಳ ವಿವರವನ್ನು ಮಾತಿನಲ್ಲಿ ಹೇಳಿ ಕಳಿಸುತ್ತಿದ್ದರು. ನಾವು ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಅದನ್ನು ಟೈಪು ಮಾಡಿ ಸಂಜೆಯೊಳಗೆ ಒಪ್ಪಿಸಬೇಕು. ಆಗ ಅದು ಬೆಂಗಳೂರಿಗೆ ಹೊಸ ಕಸುಬು. ಮನೆಯಲ್ಲೇ ಕಂಪ್ಯೂಟರಿದ್ದರೆ ಮನೆಯಿಂದಲೇ ಮಾಡಬಹುದು ಎಂದರು. ಬಸ್ಸಿನಲ್ಲಿ ನೇತಾಡುವುದು ತಪ್ಪುತ್ತದಲ್ಲ ಎಂದು ನನ್ನ ಸಂಬಳ ಕೂಡಿಸಿ ಒಂದನ್ನು ಜೋಡಿಸಿ ತರಿಸಿದೆ.

ಅತ್ತೆ ಅದಕ್ಕೆ ಆರತಿ ಎತ್ತಿ, ಕುಂಕುಮ ಇಟ್ಟು, ಮಾರನೆಯ ದಿನವೇ ಅಳತೆ ಟೇಪು ಹಿಡಿದು ನಿಂತರು. ಮನೆಯ ಯಾವ ವಸ್ತುವೂ ಬರಿಮೈಯಲ್ಲಿ ಇರಬಾರದೆಂಬುದು ಅವರ ಪದ್ಧತಿ. ಟಿವಿಗೆ ಅಂಗಿ, ಮಿಕ್ಸಿಗೆ ಅಂಗಿ, ಫ್ರಿಜ್ಜಿನ ಹಿಡಿಗೂ ಅಂಗಿ, ಗ್ಯಾಸ್ ಸಿಲಿಂಡರಿಗೆ ಹೂವಿನ ಲಂಗ. ಶಿವಾಜಿನಗರದಿಂದ ಕೆಂಪು ಮಖಮಲ್ಲು ತಂದು, ಧೂಳು ಹೋಗಬಾರದೆಂದು ಒಳಗೆ ರೆಕ್ಸಿನ್ ಕೊಟ್ಟು, ಅಂಚಿಗೆ ಜರಿ ಹಚ್ಚಿ, ಕಂಪ್ಯೂಟರಿಗೂ ಹೊಲಿದರು. ಮಾನಿಟರಿಗೆ ಒಂದು, ಕೀಬೋರ್ಡಿಗೆ ಒಂದು. ಮೇಜಿನ ಕೆಳಗಿನ ಸಿಪಿಯು ಡಬ್ಬಕ್ಕೆ ಹೊಲಿದದ್ದಂತೂ ಮದುವಣಗಿತ್ತಿಯ ಉಡುಪು. ಹಿಂದೆ ವೈರು ಬರುವಷ್ಟೇ ಸೀಳು, ಮುಂದೆ ಒಂದು ಪರದೆ. ಕೆಲಸ ಮಾಡುವಾಗ ಆ ಪರದೆ ಮೇಲೆತ್ತಿ ಗುಂಡಿ ಹಾಕಿದರೆ ಸಾಕು, ಪೂರ್ತಿ ತೆಗೆಯುವ ತಾಪತ್ರಯವೇ ಇಲ್ಲ ಎಂದು ತೋರಿಸಿಕೊಟ್ಟರು. ಹೊಸ ಸೊಸೆ ನಾನು, ತೋರಿಸಿಕೊಟ್ಟ ಹಾಗೆಯೇ ಮಾಡಿದೆ.

ಕೆಲವು ವಾರ ಕಳೆದು ಬೇಸಿಗೆ ಶುರುವಾಗಿತ್ತು. ಒಂದು ಮಧ್ಯಾಹ್ನ ಯಾರದೋ ಮೊಣಕಾಲಿನ ಆಪರೇಷನ್ನಿನ ವರದಿ ಟೈಪು ಮಾಡುತ್ತಿದ್ದಾಗ ಮಾನಿಟರಿನ ಪರದೆ ಇದ್ದಕ್ಕಿದ್ದಂತೆ ನೀಲಿಯಾಯಿತು. ಬಿಳಿ ಅಕ್ಷರದಲ್ಲಿ ಏನೋ ಎಚ್ಚರಿಕೆ, ಕೆಳಗೆ ಸೊನ್ನೆಗಳ ಸಾಲು. ಯಾವ ಕೀಲಿ ಒತ್ತಿದರೂ ಅಲ್ಲಾಡಲಿಲ್ಲ. ಆರಿಸಿ ಹಾಕಿದರೆ ಅರ್ಧ ಕೆಲಸ ಮಾಯ. ಮಾರನೆಯ ದಿನವೂ ಅದೇ ಕಥೆ, ಅದರ ಮಾರನೆಯ ದಿನವೂ. ವಿಚಿತ್ರವೆಂದರೆ ಸಂಜೆ ಬಂದು ಇವರು ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಕೂತರೆ ಆ ಯಂತ್ರ ಕೋಲೆ ಬಸವನಂತೆ ವಿನಯದಿಂದ ನಡೆಯುತ್ತಿತ್ತು. ಇಸ್ಪೀಟು ಆಡಿದರೂ ಸೈ, ಹಾಡು ಕೇಳಿದರೂ ಸೈ.

ಒಂದು ಸಂಜೆ ಇವರು ಕೋಣೆಯಿಂದ ಹೊರಬಂದು ಕುರ್ಚಿಗೆ ಒರಗಿಕೊಂಡು, "ಎಲ್ಲಾ ನಿನ್ ಕೈಗುಣ ಕಣೇ" ಎಂದು ನಕ್ಕರು.

ಅತ್ತೆಗೆ ಅದು ನಗೆಮಾತಾಗಿ ಕೇಳಿಸಲಿಲ್ಲ. ಉಪ್ಪು ಮೆಣಸಿನಕಾಯಿ ಹಿಡಿದು ಮೊದಲು ಕಂಪ್ಯೂಟರಿಗೆ, ಆಮೇಲೆ ನನಗೆ ನೀವಾಳಿಸಿ ಒಲೆಗೆ ಹಾಕಿದರು. ಮೇಲಿನ ಬಾಡಿಗೆಯವರ ಹತ್ತಿರವೂ ಸೊಸೆಯ ಕೈಗುಣದ ವಿಷಯ ಆಡಿದರೆಂದು ನನಗೆ ಗೊತ್ತಾಯಿತು. ನೀರು ಹಿಡಿಯುವಾಗ ಆ ಮನೆಯಾಕೆ ನನ್ನ ಕೈಯನ್ನು ಒಂದು ಥರಾ ನೋಡಿದಳು. ಮೈಯೆಲ್ಲ ಉರಿದುಹೋಯಿತು.

ಅಲ್ಲಿಂದ ನನ್ನ ಹಳೆಯ ಬುದ್ಧಿ ಎದ್ದು ಕೂತಿತು. ಮೊದಲು ರಿಪೇರಿಯವನ ಮೇಲೆ ಗುಮಾನಿ. ಶಿವಾಜಿನಗರದಿಂದ ಬರುತ್ತಿದ್ದ, ನಡುವಯಸ್ಸಿನ ಮಾತುಗಾರ. ಬಂದವನೇ ಬಟ್ಟೆಯನ್ನೆಲ್ಲ ಕಳಚಿ ಮಂಚದ ಮೇಲೆ ಎಸೆದು, ಡಬ್ಬದ ಹೊಟ್ಟೆ ಬಿಚ್ಚುತ್ತಿದ್ದ. ಅವನಿದ್ದಷ್ಟು ಹೊತ್ತೂ ಒಮ್ಮೆಯೂ ನೀಲಿಯಾಗಲಿಲ್ಲ. ಎಲ್ಲ ಅಳಿಸಿ ಹೊಸದಾಗಿ ತುಂಬಿದ, ಮೆಮೊರಿಯ ಚಿಪ್ಪು ಬದಲಾಯಿಸಿದ, ಟೀ ಕುಡಿದು ಹೋದ. ಅವನು ಹೋದ ಮಾರನೆಯ ದಿನ ಮತ್ತೆ ನೀಲಿ. ಒಳ್ಳೆಯ ಚಿಪ್ಪು ಜೇಬಿಗಿಳಿಸಿ ಹಾಳಾದದ್ದನ್ನು ಹಾಕಿದ್ದಾನೆಂದು ನನಗೆ ಖಾತ್ರಿಯಾಯಿತು. ಮುಂದಿನ ಸಲ ಅವನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತೆ. ಅವನೇನೂ ಕದಿಯಲಿಲ್ಲ, ಕಂಪ್ಯೂಟರೂ ಕೆಡಲಿಲ್ಲ. ಎದುರಿಗೆ ಚೆನ್ನಾಗೇ ಇರೋದಕ್ಕೆ ಏನು ಮದ್ದು ಕೊಡಲಿ ಮೇಡಂ ಎಂದು ಕೇಳಿ ಹೊರಟುಹೋದ.

ಆಮೇಲೆ ಮೇಲಿನವರ ನೀರಿನ ಮೋಟಾರಿನ ಮೇಲೆ ಅನುಮಾನಪಟ್ಟೆ. ಮೋಟಾರು ನಿಂತಿದ್ದಾಗಲೂ ನೀಲಿಯಾಯಿತು. ಕೊನೆಗೆ ಅತ್ತೆಯೇ ಉಳಿದರು. ನಾನು ಹೆಡ್‌ಫೋನು ಹಾಕಿಕೊಂಡು ಅವರು ಕರೆದದ್ದು ಕೇಳಿಸದೆ ಕೂರುವುದು ಅವರಿಗೆ ಸೇರುತ್ತಿರಲಿಲ್ಲ. ನಾನು ಸ್ನಾನಕ್ಕೆ ಹೋದಾಗ ಬಂದು ಏನನ್ನಾದರೂ ಎಳೆಯುತ್ತಿದ್ದಾರೆಯೆ? ನನ್ನದೇ ಒಂದು ಕೂದಲೆಳೆಯನ್ನು ಕೀಬೋರ್ಡಿನ ಮೇಲೆ ಅಡ್ಡಲಾಗಿ ಇಟ್ಟು ಹೋಗುತ್ತಿದ್ದೆ. ಕೂದಲು ಇಟ್ಟಲ್ಲೇ ಇರುತ್ತಿತ್ತು. ಅದರಿಂದ ನನಗೆ ಸಮಾಧಾನವಾಗುವ ಬದಲು ಅತ್ತೆ ಭಾರಿ ಜಾಣೆ ಎನ್ನಿಸಿತು.

ಅಷ್ಟರಲ್ಲಿ ಕಂಪನಿಯಿಂದ ಫೋನು ಬಂತು. ಕೆಲಸ ತಡವಾಗಿ ಒಪ್ಪಿಸುತ್ತಿದ್ದೀರಿ, ಇನ್ನೊಮ್ಮೆ ಹೀಗಾದರೆ ನಿಮ್ಮ ಪಾಲಿನದನ್ನು ಬೇರೆಯವರಿಗೆ ಕೊಡುತ್ತೇವೆ ಎಂದು ಅಲ್ಲಿನ ಮೇಲಧಿಕಾರಿ ನೇರವಾಗಿ ಹೇಳಿಬಿಟ್ಟರು. ಆ ಕೆಲಸ ಮದುವೆಗೆ ಮುಂಚೆ ದಾವಣಗೆರೆಯಿಂದ ಬಂದು ಪರೀಕ್ಷೆ ಬರೆದು ನಾನೇ ಗಿಟ್ಟಿಸಿಕೊಂಡದ್ದು. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ. ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಇವರು ಬಂದು ಬೆನ್ನು ಸವರಿ, "ಬಿಟ್ಬಿಡು ಅತ್ಲಾಗೆ. ನಾನು ದುಡೀತಿಲ್ವಾ?" ಎಂದರು. ಎಷ್ಟು ಪ್ರೀತಿ ಎಂದುಕೊಂಡೆ.

ಆ ಭಾನುವಾರ ಬೆಳಿಗ್ಗೆ ಅತ್ತೆ ದೇವಸ್ಥಾನಕ್ಕೆ ಹೋಗಿದ್ದರು. ಇವರು ಕಂಪ್ಯೂಟರಿಗೆ ಕೂರುತ್ತೇನೆಂದು ಕೋಣೆಗೆ ಹೋದರು. ಕಾಫಿ ಹಿಡಿದು ಬಾಗಿಲ ಹತ್ತಿರ ಬಂದವಳು ನಿಂತೆ. ಇವರು ಬಗ್ಗಿ, ಡಬ್ಬದ ಮಖಮಲ್ಲಿನ ಅಂಗಿಯನ್ನು ಮಗುವಿನ ತಲೆಯಿಂದ ಎಳೆದಂತೆ ಮೆಲ್ಲಗೆ ಮೇಲಕ್ಕೆ ಎಳೆದು ತೆಗೆದರು. ನಾಲ್ಕು ಮಡಿಕೆ ಮಾಡಿ ದಿಂಬಿನ ಕೆಳಗಿಟ್ಟರು. ಆಮೇಲೆ ಸ್ವಿಚ್ಚು ಹಾಕಿದರು. ನಾನು ಹಿಂದಕ್ಕೆ ಸರಿದು ಅಡುಗೆಮನೆಯಿಂದ ಕೂಗಿ ಕಾಫಿಗೆ ಕರೆದೆ. ಅತ್ತೆ ಮರಳಿ ಗೇಟಿನ ಸದ್ದಾದಾಗ ಮತ್ತೆ ಇಣುಕಿದೆ. ಇವರು ಆಗಲೇ ಎದ್ದು ಅಂಗಿ ತೊಡಿಸಿ, ಜರಿಯಂಚು ಸರಿಮಾಡಿ, ಮುಂದಿನ ಪರದೆಗೆ ಗುಂಡಿ ಹಾಕುತ್ತಿದ್ದರು.

ಸೋಮವಾರ ಇವರು ಕೆಲಸಕ್ಕೆ ಹೋದ ಮೇಲೆ ಒಂದಷ್ಟು ಹೊತ್ತು ಟೈಪು ಮಾಡಿ, ಅಂಗಿಯ ಸೀಳಿನಿಂದ ಒಳಕ್ಕೆ ಕೈ ಹಾಕಿ ನೋಡಿದೆ. ಡಬ್ಬದ ಬೆನ್ನು ರೊಟ್ಟಿಯ ಹಂಚಿನಂತೆ ಕಾದಿತ್ತು. ಒಳಗಿನ ಫ್ಯಾನು ಬಿಸಿಗಾಳಿಯನ್ನು ರೆಕ್ಸಿನ್ನಿಗೇ ಊದಿ, ಅದನ್ನೇ ಮತ್ತೆ ಎಳೆದುಕೊಳ್ಳುತ್ತಿತ್ತು. ಅಂಗಿ ತೆಗೆದು ಸಂಜೆವರೆಗೂ ಟೈಪು ಮಾಡಿದೆ, ಒಮ್ಮೆಯೂ ನೀಲಿಯಾಗಲಿಲ್ಲ. ಮಂಗಳವಾರ ಬೇಕೆಂದೇ ತೊಡಿಸಿ ಕೂತೆ, ಊಟದ ಹೊತ್ತಿಗೆ ಪರದೆ ನೀಲಿ. ಅಷ್ಟು ಸಾಕಾಗಿತ್ತು.

ಸಂಜೆ ಇವರನ್ನು ಕೇಳಿದೆ. ಮೊದಲು ಏನೂ ಗೊತ್ತಿಲ್ಲದವರ ಹಾಗೆ ನೋಡಿದರು. ಭಾನುವಾರ ಕಂಡದ್ದನ್ನು ಹೇಳಿದ ಮೇಲೆ ದನಿ ತಗ್ಗಿತು. ಅವರ ಆಫೀಸಿನ ಸ್ನೇಹಿತನೊಬ್ಬ, ಕಾವಿಗೆ ಹಾಗಾಗುತ್ತದೆ, ಗಾಳಿಯಾಡಲು ಬಿಡು ಎಂದಿದ್ದನಂತೆ. ಅಮ್ಮ ಅಷ್ಟು ಆಸೆಯಿಂದ ಹೊಲಿದಿದ್ದಾಳೆ, ಅದೇ ಕಾರಣ ಅಂದರೆ ನೊಂದುಕೊಳ್ಳುತ್ತಾಳೆ ಎಂದು ಸುಮ್ಮನಿದ್ದರಂತೆ.

"ನಂಗೊಬ್ಳಿಗೆ ಹೇಳ್ಬಹುದಿತ್ತಲ್ರೀ."

"ನೀನು ಹೋಗಿ ಅಮ್ಮಂಗೆ ಹೇಳ್ತಿದ್ದೆ."

ಹೌದು, ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆಂದು ಎದ್ದೆ. ಕೈ ಹಿಡಿದು ತಡೆಯಲು ನೋಡಿದರು. ಬಿಡಿಸಿಕೊಂಡು ಅತ್ತೆಯನ್ನು ಕರೆದುತಂದೆ. ಜಗಳಕ್ಕೆ ಸೆರಗು ಸಿಕ್ಕಿಸಿಕೊಂಡೇ ನಿಂತಿದ್ದೆ. ಅವರು ಅತ್ತರೂ ಸರಿ, ಬೈದರೂ ಸರಿ ಎಂದುಕೊಂಡು, ಈ ಅಂಗಿಯ ಕಾವಿಗೇ ಕಂಪ್ಯೂಟರು ಕೆಡುತ್ತಿದೆ ಎಂದು ಹೇಳಿ, ಅವರ ಕೈಯನ್ನು ಇನ್ನೂ ಕಾದಿದ್ದ ಡಬ್ಬದ ಬೆನ್ನಿಗೆ ಮುಟ್ಟಿಸಿದೆ.

"ಅಯ್ಯೋ, ಉಸಿರು ಕಟ್ತಿತ್ತಾ ಇದುಕ್ಕೆ" ಎಂದರು. ಹೊಲಿಗೆ ಮಿಷಿನ್ನಿನ ಖಾನೆಯಿಂದ ಕತ್ತರಿ ತಂದು, ಅಂಗಿ ಕಳಚಿ, ಹಿಂಭಾಗವನ್ನೂ ಎರಡೂ ಪಕ್ಕವನ್ನೂ ಕರಕರನೆ ಕತ್ತರಿಸಿ ಹಾಕಿದರು. ಜರಿಯನ್ನೂ ನೋಡಲಿಲ್ಲ. "ಇಷ್ಟೇ ತಾನೆ? ಮೊದ್ಲೇ ಹೇಳ್ಬಾರ್ದೇನಮ್ಮ?"

ಕತ್ತರಿಸಿದ ತುಂಡುಗಳನ್ನು ಎತ್ತಿಕೊಳ್ಳುತ್ತಾ, ಇದನ್ನು ಕಂಡುಹಿಡಿದವರು ಯಾರು ಎಂದು ಕೇಳಿದರು. ನಿಮ್ಮ ಮಗನೇ ಎಂದೆ. ಒಂದು ಕ್ಷಣ ಅವರ ಮುಖ ಅರಳಿತು. ಆಮೇಲೆ ಏನೋ ಹೊಳೆದಂತೆ ಮಗನ ಕಡೆಗೆ ತಿರುಗಿದರು.

"ಯಾವಾಗ ಗೊತ್ತಾಯ್ತೋ ನಿಂಗೆ?"

ಇವರು ಕೀಬೋರ್ಡಿನ ಅಂಗಿ ಸರಿಮಾಡತೊಡಗಿದರು. ಅತ್ತೆ ಮತ್ತೆ ಕೇಳಿದರು. ಉಪ್ಪು ಮೆಣಸಿನಕಾಯಿ ನೀವಾಳಿಸುವುದಕ್ಕೆ ಮುಂಚೆಯೋ ಆಮೇಲೋ, ಇವಳು ಅಡುಗೆಮನೆಯಲ್ಲಿ ಅಳುತ್ತಿದ್ದಾಗ ನಿನಗೆ ಗೊತ್ತಿತ್ತೋ ಇಲ್ಲವೋ ಎಂದು ಬಿಡಿಸಿ ಕೇಳಿದರು. ಇವರು ಗೂಟದಲ್ಲಿದ್ದ ಷರ್ಟು ಸಿಕ್ಕಿಸಿಕೊಂಡು, ಹಾಲು ತರುತ್ತೇನೆಂದು ಹೊರಟರು. ಹಾಲು ಆಗಲೇ ಕಾದು ಒಲೆಯ ಮೇಲಿತ್ತು.

ಕೆಲಸ ಉಳಿಯಿತು. ಅದೇ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಟೈಪು ಮಾಡಿದೆ. ಇವರು ಕೆಟ್ಟವರೆಂದು ನಾನು ಇವತ್ತಿಗೂ ಹೇಳುವುದಿಲ್ಲ. ಆದರೆ ಅಮ್ಮ ನೊಂದುಕೊಳ್ಳುತ್ತಾಳೆ ಎಂಬ ಕಾರಣ ಆ ಕತ್ತರಿಯ ಮುಂದೆ ನಿಲ್ಲಲಿಲ್ಲ. ಹಾಗಾದರೆ ನಾನು ಕೆಲಸ ಬಿಡಲಿ ಎಂದೇ ಸುಮ್ಮನಿದ್ದರೋ? ಅತ್ತೆ ಕೇಳಿದಷ್ಟು ನೇರವಾಗಿ ನಾನು ಎಂದೂ ಕೇಳಿಲ್ಲ. ಇಲ್ಲ ಎಂದು ಇವರು ಹೇಳಿದರೂ ನಾನು ನಂಬುವುದಿಲ್ಲವೆಂದು ನನಗೆ ಗೊತ್ತು.